ಕೊಲೆಗಾರನ ಹೆಸರೊಂದು ಬಿಟ್ಟು

ಮಸಾಲೆ ದೋಸೆಯನ್ನು ಶಿಫಾರಸು ಮಾಡುವವನಿಗೆ ಯಾವ ಕಷ್ಟವೂ ಇಲ್ಲ. ಅಂಚು ಎಷ್ಟು ಗರಿಗರಿ, ಪಲ್ಯ ಎಂಥ ಹದ, ಬೆಣ್ಣೆ ಎಲ್ಲಿಂದ ಎಲ್ಲಿಗೆ ಇಳಿಯುತ್ತದೆ ಎಂದು ಕೇಳುವವನ ಬಾಯಲ್ಲಿ ನೀರೂರಿಸಬಹುದು. ಅವನು ಹೋಗಿ ತಿಂದಾಗ ರುಚಿ ಒಂದು ಗುಲಗಂಜಿಯಷ್ಟೂ ಕಡಿಮೆಯಾಗಿರುವುದಿಲ್ಲ. ಪತ್ತೇದಾರಿ ಕಾದಂಬರಿಯನ್ನು ಸ್ನೇಹಿತನ ಕೈಗಿಡುವವನ ಪಾಡು ಬೇರೆ. ಆ ಪುಸ್ತಕದಲ್ಲಿ ಅವನು ಯಾವುದಕ್ಕೆ ಮರುಳಾಗಿ ರಾತ್ರಿಯಿಡೀ ದೀಪ ಆರಿಸದೆ ಕೂತಿದ್ದನೋ ಅದನ್ನೇ ಬಾಯಿಬಿಡುವಂತಿಲ್ಲ. ಹೊಟ್ಟೆಯಲ್ಲಿ ಇಟ್ಟುಕೊಳ್ಳಲೂ ಆಗುವುದಿಲ್ಲ. ಕೊನೆಗೆ, "ಓದು ಮಾರಾಯ, ಆಮೇಲೆ ಮಾತಾಡೋಣ" ಎಂದು ಹೇಳಿ, ಮುಂದಿನ ಒಂದು ವಾರ ದಿನಕ್ಕೆರಡು ಸಲ "ಎಷ್ಟನೇ ಪುಟಕ್ಕೆ ಬಂದೆ?" ಎಂದು ಕೇಳುತ್ತಾ ಅಲೆಯುತ್ತಾನೆ.

ಈ ವಿದ್ಯೆಯಲ್ಲಿ ಹೊಸಬರು ಮಾಡುವ ಮೊದಲ ಎಡವಟ್ಟು, "ಕೊನೇಲಿ ಒಂದು ಟ್ವಿಸ್ಟ್ ಇದೆ, ನೀನು ಊಹಿಸೋಕೇ ಸಾಧ್ಯ ಇಲ್ಲ" ಎನ್ನುವುದು. ಹೆಸರು ಹೇಳಲಿಲ್ಲವಲ್ಲ ಎಂದು ಅವರ ಸಮಾಧಾನ. ಕೇಳಿದವನಾದರೋ ಆ ಕ್ಷಣಕ್ಕೇ ಓದುಗನ ಕುರ್ಚಿ ಬಿಟ್ಟು ತನಿಖಾಧಿಕಾರಿಯ ಟೋಪಿ ಹಾಕಿಕೊಂಡುಬಿಡುತ್ತಾನೆ. ಮೂರನೇ ಪುಟದಲ್ಲಿ ಕಾಫಿ ತಂದಿಟ್ಟು ಹೋದ ಅಡುಗೆಯವನನ್ನೂ ಅವನು ಬಿಡುವುದಿಲ್ಲ. ಯಾರು ತೀರಾ ಒಳ್ಳೆಯವರಾಗಿ ಕಾಣುತ್ತಾರೋ ಅವರ ಹೆಸರಿನ ಕೆಳಗೆ ಮನಸ್ಸಿನಲ್ಲೇ ಗೆರೆ ಎಳೆಯುತ್ತಾನೆ. ಮುಕ್ಕಾಲು ಪುಸ್ತಕ ಮುಗಿಯುವಷ್ಟರಲ್ಲಿ ಎಲ್ಲರನ್ನೂ ಒಂದೊಂದು ಸಲ ಗಲ್ಲಿಗೇರಿಸಿ, ಕೊನೆಗೆ ನಿಜವಾದವನು ಸಿಕ್ಕಾಗ, "ನಂಗೆ ಮೊದಲೇ ಗೊತ್ತಿತ್ತು" ಎಂದು ಪುಸ್ತಕ ವಾಪಸು ಕೊಡುತ್ತಾನೆ. ಕೊಟ್ಟವನ ಹೊಟ್ಟೆ ಉರಿಯದೆ ಇರುತ್ತದೆಯೇ?

ಗುಟ್ಟು ಕಾಯುವ ಕೆಲಸಕ್ಕೆ ನಾಟಕ, ಸಿನಿಮಾದವರು ಬಹಿರಂಗವಾಗಿಯೇ ನಿಂತದ್ದುಂಟು. ಅಗಾಥಾ ಕ್ರಿಸ್ಟಿಯ 'ದಿ ಮೌಸ್‌ಟ್ರ್ಯಾಪ್' ಲಂಡನ್ನಿನಲ್ಲಿ 1952ರ ನವೆಂಬರಿನಲ್ಲಿ ಆರಂಭವಾದ ನಾಟಕ. 2020ರಲ್ಲಿ ಕೋವಿಡ್ ಬಂದು ಬಾಗಿಲು ಮುಚ್ಚಿಸುವವರೆಗೆ ಒಂದೇ ಸಮನೆ ನಡೆಯಿತು, ಮರುವರ್ಷ ಮತ್ತೆ ಶುರುವಾಯಿತು. ನಾಟಕ ಮುಗಿದ ಮೇಲೆ ಪಾತ್ರಧಾರಿಯೊಬ್ಬರು ಮುಂದೆ ಬಂದು, ಕೊಲೆಗಾರ ಯಾರೆಂದು ಹೊರಗೆ ಹೇಳಬೇಡಿ ಎಂದು ಪ್ರೇಕ್ಷಕರಲ್ಲಿ ವಿನಂತಿಸುವುದು ಅಲ್ಲಿನ ರೂಢಿ. ಅವಳದೇ ಕಥೆಯನ್ನು ಆಧರಿಸಿ ಬಿಲ್ಲಿ ವೈಲ್ಡರ್ 1957ರಲ್ಲಿ ಮಾಡಿದ 'ವಿಟ್ನೆಸ್ ಫಾರ್ ದಿ ಪ್ರಾಸಿಕ್ಯೂಷನ್' ಚಿತ್ರದ ಕೊನೆಯಲ್ಲೂ ಇಂಥದೇ ಒಂದು ಮನವಿ ಕೇಳಿಬರುತ್ತದೆ. ಹಿಚ್‌ಕಾಕ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, 1960ರಲ್ಲಿ 'ಸೈಕೋ' ಬಿಡುಗಡೆಯಾದಾಗ ಆಟ ಶುರುವಾದ ಮೇಲೆ ಯಾರನ್ನೂ ಒಳಗೆ ಬಿಡಕೂಡದೆಂದು ಚಿತ್ರಮಂದಿರಗಳಿಗೆ ತಾಕೀತು ಮಾಡಿದ. ನಮ್ಮ ಟಾಕೀಸುಗಳಲ್ಲಿ ಅಂಥ ಕಾನೂನು ಬಂದಿದ್ದರೆ ಗೇಟ್ ಕೀಪರನ ಗತಿ ಏನಾಗುತ್ತಿತ್ತೋ. ಟೈಟಲ್ ಮುಗಿದ ಮೇಲೆಯೇ ಕಡಲೆಕಾಯಿ ಪೊಟ್ಟಣ ಹಿಡಿದು ಬರುವುದು ಇಲ್ಲಿ ಎಷ್ಟೋ ಜನರ ಜನ್ಮಸಿದ್ಧ ಹಕ್ಕು.

ನಮ್ಮಲ್ಲಿ ಗುಟ್ಟು ಕಾಯುವ ಹೊಣೆ ಇದ್ದದ್ದು ಬಾಡಿಗೆ ಲೈಬ್ರರಿಯವರ ಮೇಲೆ. ಓಣಿಯ ಒಂದು ಕೋಣೆ, ಮೇಲಿನಿಂದ ಕೆಳಗಿನವರೆಗೆ ರಟ್ಟು ಹಾಕಿ ದಾರದಲ್ಲಿ ಹೊಲಿದ ಕಾದಂಬರಿಗಳು, ಬೆನ್ನಿನ ಮೇಲೆ ಶಾಯಿಯಲ್ಲಿ ಬರೆದ ನಂಬರು. ಅಲ್ಲಿ ಎನ್. ನರಸಿಂಹಯ್ಯನವರ ಪುಸ್ತಕಗಳಿಗೇ ಒಂದು ಪ್ರತ್ಯೇಕ ಸಾಲು. ಅವರು ಶಾಲೆಯಲ್ಲಿ ಕಲಿತದ್ದು ನಾಲ್ಕನೇ ತರಗತಿವರೆಗೆ, ಬರೆದದ್ದು ಐನೂರಕ್ಕೂ ಹೆಚ್ಚು ಪತ್ತೇದಾರಿ ಕಾದಂಬರಿ. ಅವರ ಪತ್ತೇದಾರ ಪುರುಷೋತ್ತಮ ಕನ್ನಡದ ಒಂದು ತಲೆಮಾರಿಗೆ ಓದಿನ ಚಟ ಹತ್ತಿಸಿದ. ಕನ್ನಡ ಚಳವಳಿಯ ಹಳದಿ-ಕೆಂಪು ಬಾವುಟವನ್ನು ರೂಪಿಸಿದ ಮ. ರಾಮಮೂರ್ತಿಯವರೂ ಇದೇ ಕಪಾಟಿನ ಲೇಖಕರು ಎಂದರೆ ಇಂದಿನ ಹುಡುಗರು ಹುಬ್ಬೇರಿಸುತ್ತಾರೆ. ರಾಜ್‌ಕುಮಾರರ 'ಬಂಗಾರದ ಮನುಷ್ಯ'ಕ್ಕೆ ಮೂಲ ಕಾದಂಬರಿ ಕೊಟ್ಟ ಟಿ.ಕೆ. ರಾಮರಾವ್ ಅವರನ್ನು ಸಿನಿಮಾದವರು ಹಳ್ಳಿಯ ಕಥೆಗಾಗಿ ನೆನೆದರೆ, ಈ ಹುಚ್ಚಿನವರು ಅವರ ರಹಸ್ಯ ಕಾದಂಬರಿಗಳಿಗಾಗಿ ಕೈಮುಗಿಯುತ್ತಾರೆ.

ಅಂಥ ಅಂಗಡಿಯವನಿಗೆ ಗಿರಾಕಿಯ ನಾಡಿ ಗೊತ್ತಿರುತ್ತಿತ್ತು. ಯಾರಿಗೆ ರಕ್ತ ಬೇಕು, ಯಾರಿಗೆ ಬರೀ ರಹಸ್ಯ ಸಾಕು, ಯಾರು ಕೊನೆಯ ಪುಟ ಮೊದಲು ನೋಡುವ ಪಾಪಿ ಎಂಬುದೆಲ್ಲ ಅವನ ಲೆಕ್ಕದಲ್ಲಿ. ಅವನ ಪರಮ ಶತ್ರು ಎಂದರೆ ಪೆನ್ಸಿಲ್ ಹಿಡಿದ ಓದುಗ. ಹನ್ನೆರಡನೇ ಪುಟದಲ್ಲಿ ಒಂದು ಪಾತ್ರ ಬಾಗಿಲು ತಳ್ಳಿಕೊಂಡು ಒಳಗೆ ಬಂದದ್ದೇ ತಡ, ಪಕ್ಕದ ಅಂಚಿನಲ್ಲಿ ದುಂಡಗಿನ ಅಕ್ಷರದಲ್ಲಿ "ಇವನೇ ಕೊಲೆಗಾರ" ಎಂದು ಬರೆದು, ಬಾಣದ ಗುರುತು ಬೇರೆ ಹಾಕಿಟ್ಟಿರುತ್ತಿದ್ದ ಪುಣ್ಯಾತ್ಮರಿದ್ದರು. ಇನ್ನೂ ದುಷ್ಟರು ಬೇಕೆಂದೇ ತಪ್ಪು ಹೆಸರು ಬರೆದಿಡುತ್ತಿದ್ದರು. ಎರಡನೆಯವರಿಗೆ ಈ ಪ್ರಕಾರದ ಒಳಮರ್ಮ ಹೆಚ್ಚು ಗೊತ್ತಿತ್ತು ಎನ್ನಬೇಕು.

ಪಳಗಿದ ಕೈಗಳು ಪುಸ್ತಕದ ಹೆಸರು ಹೇಳುವ ಮುಂಚೆ ಎದುರಿನವರ ಜಾತಕ ನೋಡುತ್ತವೆ. ಈ ಕಥೆಗಳನ್ನು ಓದುವವರಲ್ಲಿ ಯಾರು ಎಂದು ಕೇಳುವವರು ಒಂದು ಗುಂಪು, ಹೇಗೆ ಎಂದು ಕೇಳುವವರು ಇನ್ನೊಂದು, ಯಾಕೆ ಎಂದು ಕೇಳುವವರು ಮತ್ತೊಂದು. ಒಂದು ಗುಂಪಿನವರಿಗೆ ಇನ್ನೊಂದರ ಪುಸ್ತಕ ಕೊಟ್ಟರೆ ಸ್ನೇಹ ಕೆಡದಿದ್ದರೂ ಮುಂದಿನ ಸಲ ಅವರು ಸಲಹೆ ಕೇಳಲು ಬರುವುದಿಲ್ಲ.

ಯಾರು ಎಂಬವರಿಗೆ ಕ್ರಿಸ್ಟಿಯೇ ಗತಿ. ಆದರೆ ಯಾವ ಕ್ರಿಸ್ಟಿ? ಇಲ್ಲಿ ಹಳೆಯ ಹುಲಿಗಳ ನಡುವೆಯೇ ಜಗಳವಿದೆ. 1926ರ 'ದಿ ಮರ್ಡರ್ ಆಫ್ ರೋಜರ್ ಆಕ್ರಾಯ್ಡ್' ಅವಳ ಅತ್ಯುತ್ತಮ ಎಂದು ಒಪ್ಪುವವರೂ ಅದನ್ನು ಮೊದಲ ಪುಸ್ತಕವಾಗಿ ಕೊಡಬಾರದು ಎನ್ನುತ್ತಾರೆ. ಇಂಥ ಕಥೆ ಹೇಗೆ ನಡೆಯುತ್ತದೆ ಎಂಬ ಅಂದಾಜು ತಲೆಯಲ್ಲಿ ಗಟ್ಟಿಯಾಗಿ ಕೂತವರಿಗೇ ಅದರ ಪೆಟ್ಟು ಸರಿಯಾಗಿ ತಗಲುವುದು. ಆದ್ದರಿಂದ ಮೊದಲು 1934ರ 'ಮರ್ಡರ್ ಆನ್ ದಿ ಓರಿಯೆಂಟ್ ಎಕ್ಸ್‌ಪ್ರೆಸ್', ಆಮೇಲೆ ಹತ್ತು ಜನ ಒಂದು ದ್ವೀಪದಲ್ಲಿ ಸಿಕ್ಕಿಬೀಳುವ 1939ರ 'ಆ್ಯಂಡ್ ದೆನ್ ದೇರ್ ವರ್ ನನ್', ಅದಾದ ಮೇಲೆ ಆಕ್ರಾಯ್ಡ್ ಎಂಬುದು ಒಂದು ಪಂಥ. ಹಿಂದಿಯ 'ಗುಮ್‌ನಾಮ್' ನೋಡಿದವರಿಗೆ ದ್ವೀಪದ ಕಥೆಯ ಚೌಕಟ್ಟು ಪರಿಚಿತ ಎನ್ನಿಸಬಹುದು, ಆದರೂ ಪುಸ್ತಕ ಕೈಬಿಡಬೇಕಿಲ್ಲ. ಆಕ್ರಾಯ್ಡ್ ಬಗ್ಗೆ ಇದಕ್ಕಿಂತ ಒಂದಕ್ಷರ ಹೆಚ್ಚು ಬರೆದರೂ ಪೆನ್ಸಿಲ್ ಹಿಡಿದ ಓದುಗರ ಸಾಲಿಗೆ ಈ ಲೇಖನವೂ ಸೇರುತ್ತದೆ.

ಆಟಕ್ಕೆ ನಿಯಮ ಇರಬೇಕೆಂದು 1929ರಲ್ಲಿ ರೊನಾಲ್ಡ್ ನಾಕ್ಸ್ ಎಂಬ ಪಾದ್ರಿ ಹತ್ತು ಕಟ್ಟಳೆ ಬರೆದಿಟ್ಟರು. ತಾವೂ ಪತ್ತೇದಾರಿ ಕಾದಂಬರಿ ಬರೆಯುತ್ತಿದ್ದವರು. ಒಂದು ಕಥೆಯಲ್ಲಿ ಒಂದಕ್ಕಿಂತ ಹೆಚ್ಚು ಗುಪ್ತ ಕೋಣೆಯೋ ಸುರಂಗವೋ ಕೂಡದು, ಪತ್ತೇದಾರನಿಗೆ ಸಿಕ್ಕ ಸುಳಿವು ಓದುಗನಿಗೂ ಸಿಗಬೇಕು, ಅವಳಿ ಸೋದರರನ್ನು ಮುನ್ಸೂಚನೆಯಿಲ್ಲದೆ ತಂದು ನಿಲ್ಲಿಸಬಾರದು. ಈ ಕೊನೆಯ ಕಟ್ಟಳೆಯನ್ನು ಗಾಂಧಿನಗರದಲ್ಲಿ ಜಾರಿಗೆ ತಂದಿದ್ದರೆ ಎಷ್ಟು ಡಬಲ್ ಆ್ಯಕ್ಟಿಂಗ್ ಕ್ಲೈಮ್ಯಾಕ್ಸುಗಳು ಡಬ್ಬದಲ್ಲೇ ಉಳಿಯುತ್ತಿದ್ದವೋ!

ಹೇಗೆ ಎಂದು ಕೇಳುವವರಿಗೆ ಈಗ ಜಪಾನಿನ ಕಡೆ ದಾರಿ ತೋರಿಸುವುದು ರೂಢಿ. ಸೆಯಿಶಿ ಯೊಕೊಮಿಜೊ 1946ರಲ್ಲಿ ಬರೆದ 'ದಿ ಹೊಂಜಿನ್ ಮರ್ಡರ್ಸ್'ನಲ್ಲಿ ಮದುವೆಯ ರಾತ್ರಿ, ಹೊರಗೆ ಹಿಮ, ಒಳಗಿನಿಂದ ಭದ್ರವಾಗಿ ಮುಚ್ಚಿದ ಮನೆ, ಮಧ್ಯೆ ಕೋಟೋ ವಾದ್ಯದ ನಾದ. ಸೋಜಿ ಶಿಮಾದಾ 1981ರ 'ದಿ ಟೋಕಿಯೋ ಝೋಡಿಯಾಕ್ ಮರ್ಡರ್ಸ್'ನಲ್ಲಿ ಕಥೆ ನಿಲ್ಲಿಸಿ, ಸುಳಿವುಗಳೆಲ್ಲ ನಿಮ್ಮ ಕೈಯಲ್ಲಿವೆ, ಬಿಡಿಸಿ ನೋಡೋಣ ಎಂದು ಓದುಗನಿಗೇ ಸವಾಲು ಹಾಕುತ್ತಾನೆ. ಕೀಗೊ ಹಿಗಾಶಿನೊ 2005ರ 'ದಿ ಡಿವೋಷನ್ ಆಫ್ ಸಸ್ಪೆಕ್ಟ್ ಎಕ್ಸ್'ನಲ್ಲಿ ಕೊಲೆ ಯಾರಿಂದ ಆಯಿತೆಂದು ಆರಂಭದಲ್ಲೇ ತೋರಿಸಿಬಿಡುತ್ತಾನೆ. ಕೊಲೆಗಾರನ ಹೆಸರನ್ನು ಲೇಖಕನೇ ಕೊಟ್ಟಿರುವುದರಿಂದ ಶಿಫಾರಸು ಮಾಡುವವನಿಗೆ ಅರ್ಧ ಭಾರ ಇಳಿದಂತೆ. ಉಳಿದರ್ಧ ಮಾತ್ರ ಹೇಳಲೇಬಾರದ್ದು.

ಮೊದಲೇ ಹೇಳಿ ಆಮೇಲೆ ಕಾಡಿಸುವ ಈ ಉಪಾಯವನ್ನು ಆಸ್ಟಿನ್ ಫ್ರೀಮನ್ ಎಂಬ ಇಂಗ್ಲಿಷ್ ಲೇಖಕ 1912ರ 'ದಿ ಸಿಂಗಿಂಗ್ ಬೋನ್' ಸಂಕಲನದಲ್ಲೇ ಮಾಡಿ ತೋರಿಸಿದ್ದ. ನಮ್ಮ ಕಡೆ ಅದರ ತಾಕತ್ತು ಮನೆಮನೆಗೆ ತಿಳಿದದ್ದು 'ದೃಶ್ಯಂ'ನಿಂದ. 2013ರ ಮಲಯಾಳಂ ಚಿತ್ರ ಮರುವರ್ಷ ರವಿಚಂದ್ರನ್ ನಟನೆಯಲ್ಲಿ ಕನ್ನಡದ 'ದೃಶ್ಯ' ಆಯಿತು, ತೆಲುಗು, ತಮಿಳು, ಹಿಂದಿಗೆ ಹೋಯಿತು, ಸಿಂಹಳ ದಾಟಿ ಚೀನೀ ಭಾಷೆಯನ್ನೂ ಮುಟ್ಟಿತು. ಒಂದು ಭಾಷೆಯಲ್ಲಿ ನೋಡಿದವರೇ ಇನ್ನೊಂದರಲ್ಲೂ ಹೋಗಿ ಕೂತರು. ಮುಂದೇನಾಗುತ್ತದೆಂದು ಗೊತ್ತಿದ್ದೂ ಪೊಲೀಸ್ ಠಾಣೆಯ ದೃಶ್ಯದಲ್ಲಿ ಕುರ್ಚಿಯ ಕೈ ಹಿಡಿದುಕೊಳ್ಳುವಂತಾದರೆ, ಅಂಥ ಸಿನಿಮಾವನ್ನು ಯಾರಿಗಾದರೂ ಧೈರ್ಯವಾಗಿ ಹೇಳಬಹುದು.

ಯಾಕೆ ಎಂಬವರು ತಾಳ್ಮೆಯ ಜನ. ಅವರಿಗೆ ಜಾರ್ಜ್ ಸಿಮೆನಾನ್‌ನ ಮೇಗ್ರೆ ಸರಿಯಾದ ಜೊತೆ. ಎಪ್ಪತ್ತೈದು ಕಾದಂಬರಿಗಳಿವೆ, ಹೆಚ್ಚಿನವು ಬೆಂಗಳೂರಿನಿಂದ ಹುಬ್ಬಳ್ಳಿ ತಲುಪುವಷ್ಟರಲ್ಲಿ ಮುಗಿಯುವಂಥವು. ಪೈಪು ಸೇದುತ್ತ, ಬಿಯರ್ ಕುಡಿಯುತ್ತ, ಸತ್ತವನ ಬೀದಿಯಲ್ಲಿ ಸುಮ್ಮನೆ ನಿಂತು, ಅವನ ಬದುಕಿನ ವಾಸನೆ ಹಿಡಿದು ಸತ್ಯಕ್ಕೆ ಬರುವ ಪೊಲೀಸ್ ಅಧಿಕಾರಿ ಈತ. ಮಲಯಾಳಂನ ಕೆ.ಜಿ. ಜಾರ್ಜ್ 1982ರಲ್ಲಿ ಮಾಡಿದ 'ಯವನಿಕ'ವೂ ಇದೇ ಜಾತಿ. ನಾಟಕ ಕಂಪನಿಯೊಂದರ ತಬಲಾ ವಾದಕ ಕಾಣೆಯಾಗುತ್ತಾನೆ. ವಿಚಾರಣೆ ಮುಂದುವರಿದಂತೆ ಅವನ ಪತ್ತೆಗಿಂತ ಆ ಕಂಪನಿಯವರ ಬಾಳೇ ದೊಡ್ಡದಾಗಿ ಕಾಣತೊಡಗುತ್ತದೆ. ಕಂಪನಿ ನಾಟಕದ ಒಳಹೊರಗು ಗೊತ್ತಿರುವ ಧಾರವಾಡ, ಗದಗದ ಕಡೆಯ ಹಿರಿಯರಿಗೆ ಇದನ್ನು ತೋರಿಸಿ ಕೆಟ್ಟವರಿಲ್ಲ.

"ನಾನು ಇಂಥದ್ದೆಲ್ಲ ಓದೋದಿಲ್ಲ" ಎನ್ನುವ ಗಂಭೀರ ಸಾಹಿತ್ಯದವರಿಗೆ ಏನು ಕೊಡುವುದು? ಅವರಿಗೆಂದೇ ತೇಜಸ್ವಿ ಇದ್ದಾರೆ. ಅವರ 'ಚಿದಂಬರ ರಹಸ್ಯ'ಕ್ಕೆ 1987ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಿದೆ, ಆದ್ದರಿಂದ ಕೈಯಲ್ಲಿ ಹಿಡಿದು ಓಡಾಡಲು ನಾಚಿಕೆಯಿಲ್ಲ. ಒಳಗೆ ನೋಡಿದರೆ ಸಾವು, ಅನುಮಾನ, ಏಲಕ್ಕಿ ಬೆಳೆಯ ಸುತ್ತ ತನಿಖೆ, ಮಲೆನಾಡಿನ ಒಂದು ಊರು ಪೂರ್ತಿ. 'ಜುಗಾರಿ ಕ್ರಾಸ್' ಕೊಟ್ಟರಂತೂ ಏಲಕ್ಕಿ ಮಾರಿ ಬರಲು ಹೊರಟ ಗಂಡಹೆಂಡತಿಯ ಒಂದು ದಿನದ ಪಾಡಿನೊಳಗೆ ಕಾಡು, ಕಳ್ಳದಂಧೆ, ರೈಲು, ಹಳೆಯ ಕಾವ್ಯದೊಳಗಿನ ಒಗಟು ಎಲ್ಲ ಒಂದರ ಹಿಂದೊಂದು ಅಟ್ಟಿಸಿಕೊಂಡು ಬರುತ್ತವೆ. ಪುಸ್ತಕ ವಾಪಸು ಕೊಡಲು ಬಂದವರು, "ಇದು ಪತ್ತೇದಾರಿ ಅಲ್ಲ ಬಿಡ್ರೀ, ಸಾಹಿತ್ಯ" ಎಂದು ವಾದಿಸುತ್ತಾರೆ. ವಾದಿಸಲಿ, ಮುಂದಿನ ಪುಸ್ತಕ ಕೇಳಿದರೆ ಸಾಕು.

ಮೈಸೂರು ಇತಿಹಾಸದ ಗೀಳಿರುವವರಿಗೆ ವಿಲ್ಕಿ ಕಾಲಿನ್ಸ್‌ನ 'ದಿ ಮೂನ್‌ಸ್ಟೋನ್' ತಪ್ಪದೆ ಕೊಡಬೇಕು. ಇಂಗ್ಲಿಷ್ ಪತ್ತೇದಾರಿ ಕಾದಂಬರಿಗೆ ದಾರಿ ಹಾಕಿಕೊಟ್ಟ ಈ 1868ರ ಪುಸ್ತಕದ ಮೊದಲ ಪುಟಗಳು ನಡೆಯುವುದು ಶ್ರೀರಂಗಪಟ್ಟಣದಲ್ಲಿ, ಟಿಪ್ಪು ಬಿದ್ದ 1799ರ ಮೇ 4ರಂದು. ಕೋಟೆ ಒಡೆದು ಒಳನುಗ್ಗಿದ ಸೈನಿಕರು ಅರಮನೆಯ ಬೊಕ್ಕಸ ದೋಚುತ್ತಿರುವಾಗ, ಆಯುಧಾಗಾರದಲ್ಲಿ ಹರ್ನ್‌ಕಾಸಲ್ ಎಂಬ ಇಂಗ್ಲಿಷ್ ಅಧಿಕಾರಿ ನಿಂತಿದ್ದಾನೆ. ಒಂದು ಕೈಯಲ್ಲಿ ಪಂಜು, ಇನ್ನೊಂದರಲ್ಲಿ ರಕ್ತ ತೊಟ್ಟಿಕ್ಕುವ ಬಾಕು. ಬಾಕಿನ ಹಿಡಿಯ ತುದಿಯಲ್ಲಿ ಪಂಜಿನ ಬೆಳಕಿಗೆ ಕೆಂಡದ ಹಾಗೆ ಹೊಳೆಯುವ ಒಂದು ಹಳದಿ ವಜ್ರ. ವಜ್ರ ಇಂಗ್ಲೆಂಡಿನ ಹಳ್ಳಿಮನೆಯೊಂದಕ್ಕೆ ಹೋಗುತ್ತದೆ, ಅಲ್ಲಿ ಕಳುವಾಗುತ್ತದೆ. ಕಥೆಯನ್ನು ಒಬ್ಬರಾದ ಮೇಲೆ ಒಬ್ಬರು ತಮ್ಮ ತಮ್ಮ ಬಾಯಲ್ಲಿ ಹೇಳುತ್ತಾರೆ. ಎಂಥ ಸಂಕಟ ಬಂದರೂ 'ರಾಬಿನ್ಸನ್ ಕ್ರೂಸೋ' ಪುಸ್ತಕ ತೆರೆದು ಶಕುನ ನೋಡುವ ಮುದುಕ ಮೇಲ್ವಿಚಾರಕ, ಕಳ್ಳನಿಗಿಂತ ಗುಲಾಬಿ ಗಿಡಗಳ ಮೇಲೆ ಹೆಚ್ಚು ಆಸೆಯಿರುವ ಸಾರ್ಜೆಂಟ್ ಕಫ್, ಇಬ್ಬರೂ ಬಹುಕಾಲ ಮರೆಯಾಗುವವರಲ್ಲ. ಪುಸ್ತಕ ದಪ್ಪ, ನಡಿಗೆ ನಿಧಾನ. ಅದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಈ ಹುಚ್ಚಿನಲ್ಲಿ ಮುಚ್ಚುಮರೆಯಿಲ್ಲದೆ ಹೇಳಬಹುದಾದ ಸಂಗತಿ ಎಂದರೆ ಪುಟಗಳ ಸಂಖ್ಯೆ ಒಂದೇ.

ಸಿನಿಮಾಕ್ಕೆ ಬಂದರೆ ಹಾಡಿನ ಸಮಸ್ಯೆ ಎದುರಾಗುತ್ತದೆ. ಹೆಣ ಬಿದ್ದ ಐದು ನಿಮಿಷಕ್ಕೆ ನಾಯಕ ನಾಯಕಿ ಜೋಗದ ಎದುರು ಕುಣಿದರೆ ಅನುಮಾನಪಡುವ ಮೂಡು ಎಲ್ಲಿಂದ ಬರಬೇಕು? ಅದಕ್ಕೇ ಈ ಪ್ರಕಾರದಲ್ಲಿ ಹಾಡಿಲ್ಲದ ಚಿತ್ರಗಳದ್ದೇ ಒಂದು ವಂಶಾವಳಿ ಇದೆ: 1954ರ ತಮಿಳಿನ 'ಅಂದ ನಾಳ್', 1960ರ ಹಿಂದಿಯ 'ಕಾನೂನ್', 1969ರ 'ಇತ್ತೆಫಾಕ್', ಕನ್ನಡಕ್ಕೆ 1989ರಲ್ಲಿ ಸುನೀಲ್ ಕುಮಾರ್ ದೇಸಾಯಿಯವರ 'ತರ್ಕ'. ಶಂಕರ್ ನಾಗ್, ದೇವರಾಜ್, ವನಿತಾ ವಾಸು ಇದ್ದ ಆ ಚಿತ್ರ ತಮಿಳಿಗೂ ಹೋಯಿತು. ಅದನ್ನು ಹೇಳುವಾಗ ಒಂದು ಎಚ್ಚರ ಬೇಕು. ಕ್ರಿಸ್ಟಿಯ 'ದಿ ಅನ್‌ಎಕ್ಸ್‌ಪೆಕ್ಟೆಡ್ ಗೆಸ್ಟ್' ನಾಟಕವೇ ಬಿ.ಆರ್. ಚೋಪ್ರಾರ 'ಧುಂದ್'ಗೂ ಇದಕ್ಕೂ ಬೇರು. ಒಂದನ್ನು ನೋಡಿದವನು ಇನ್ನೊಂದನ್ನು ನೋಡುವಾಗ ಅವನ ತಲೆ ತಾನಾಗಿಯೇ ಮುಂದೆ ಓಡತೊಡಗುತ್ತದೆ. ಹಾಗಾಗಿ "ಥೇಟ್ ಅದರ ಥರಾನೇ ಇದೆ" ಎಂಬ ಮೆಚ್ಚುಗೆಯ ಮಾತೂ ಇಲ್ಲಿ ಗುಟ್ಟು ರಟ್ಟಾದಂತೆಯೇ.

ಕಾಶಿನಾಥ್ ಹೆಸರು ಕೇಳಿದರೆ 'ಅನುಭವ' ನೆನೆದು ಮುಸಿಮುಸಿ ನಗುವ ಹುಡುಗರಿಗೆ 1978ರ 'ಅಪರಿಚಿತ' ತೋರಿಸುವುದರಲ್ಲಿ ಒಂದು ವಿಶೇಷ ಸುಖವಿದೆ. ಸುರೇಶ್ ಹೆಬ್ಳೀಕರ್, ಶೋಭಾ ನಟಿಸಿದ, ಸದ್ದುಗದ್ದಲವಿಲ್ಲದೆ ಬೆನ್ನುಹುರಿಯಲ್ಲಿ ಚಳಿ ಹುಟ್ಟಿಸುವ ಆ ಚಿತ್ರವನ್ನು ಕಾಶಿನಾಥರೇ ಮುಂದೆ ಹಿಂದಿಯಲ್ಲೂ ಮಾಡಿದರು. ತಮಾಷೆ ಬೇಕೆಂದರೆ ದೊರೆ-ಭಗವಾನ್ ಜೋಡಿ ರಾಜ್‌ಕುಮಾರರನ್ನು ಸಿ.ಐ.ಡಿ. 999 ಮಾಡಿದ 1968ರ 'ಜೇಡರ ಬಲೆ' ಮತ್ತು ಅದರ ಮುಂದಿನ ಕಂತುಗಳಿವೆ. ಆ ಲೋಕಕ್ಕೂ ಬಾಡಿಗೆ ಲೈಬ್ರರಿಯ ಲೋಕಕ್ಕೂ ಒಟ್ಟಿಗೆ ನಮಸ್ಕಾರ ಹಾಕಿದ ಚಿತ್ರ 2019ರ 'ಬೆಲ್ ಬಾಟಂ'. ಪತ್ತೇದಾರಿ ಕಾದಂಬರಿ ಓದಿಯೇ ಬೆಳೆದ ದಿವಾಕರನಿಗೆ ಸಿಗುವ ಕೇಸು ಎಂದರೆ ಪೊಲೀಸ್ ಠಾಣೆಗಳಲ್ಲೇ ನಡೆಯುವ ಕಳ್ಳತನ. ಅದೇ ವರ್ಷದ 'ಕವಲುದಾರಿ'ಯಲ್ಲಿ ಟ್ರಾಫಿಕ್ ಪೊಲೀಸ್ ಅಧಿಕಾರಿಯೊಬ್ಬ ತನ್ನದಲ್ಲದ ಕೇಸಿನ ಹಿಂದೆ ಬೀಳುತ್ತಾನೆ. ಅಗೆದಾಗ ಸಿಕ್ಕ ಮೂರು ಅಸ್ಥಿಪಂಜರ, ದಶಕಗಳ ಹಿಂದಿನ ಸಾವು, ಬಾಟಲಿ ಹಿಡಿದು ಕೂತ ನಿವೃತ್ತ ಅಧಿಕಾರಿಯಾಗಿ ಅನಂತ್ ನಾಗ್. ಬೆಂಗಳೂರಿನವರಿಗೆ 2016ರ 'ಯು ಟರ್ನ್' ಹೇಳಬೇಕು. ಡಬಲ್ ರೋಡ್ ಫ್ಲೈಓವರಿನ ಮೇಲೆ ಅಡ್ಡ ಇಟ್ಟ ಕಲ್ಲುಗಳನ್ನು ಸರಿಸಿ ಅಡ್ಡದಾರಿಯಲ್ಲಿ ಗಾಡಿ ತಿರುಗಿಸುವ ಜನರ ಬಗ್ಗೆ ವರದಿ ಮಾಡಲು ಹೊರಟ ಹುಡುಗಿಯ ಕಥೆ ಅದು. ನೋಡಿ ಬಂದವರು ಕೆಲವು ದಿನವಾದರೂ ಸಿಗ್ನಲ್ಲಿನಲ್ಲಿ ಸಭ್ಯರಾಗುತ್ತಾರೆ.

ಎಲ್ಲ ಓದಿ, ಎಲ್ಲ ನೋಡಿ, ಇನ್ನೇನೂ ಉಳಿದಿಲ್ಲ ಎಂದು ಮೂಗು ಮುರಿಯುವವರಿಗೆ ಕೊನೆಯ ಅಸ್ತ್ರವಾಗಿ ಇಡಬೇಕಾದದ್ದು ಬಾಂಗ್ ಜೂನ್-ಹೊ 2003ರಲ್ಲಿ ಮಾಡಿದ ಕೊರಿಯಾದ 'ಮೆಮೊರೀಸ್ ಆಫ್ ಮರ್ಡರ್'. 1986ರಿಂದ 1991ರವರೆಗೆ ಹ್ವಾಸಾಂಗ್ ಎಂಬಲ್ಲಿ ನಡೆದ ಹೆಣ್ಣುಮಕ್ಕಳ ಸರಣಿ ಕೊಲೆಗಳು ಅದರ ಹಿನ್ನೆಲೆ. ಗದ್ದೆಯ ಬದುವಿನಲ್ಲಿ ಸಿಕ್ಕ ಹೆಜ್ಜೆಗುರುತಿನ ಮೇಲೆ ಟ್ರ್ಯಾಕ್ಟರ್ ಹಾದುಹೋಗುತ್ತದೆ, ಪೊಲೀಸರು ಸಿಕ್ಕವರನ್ನು ಹಿಡಿದು ಬಡಿಯುತ್ತಾರೆ, ಮಳೆ ಬಿದ್ದ ರಾತ್ರಿ ಎಲ್ಲರೂ ಹೆದರುತ್ತಾರೆ. ಚಿತ್ರ ಬಂದಾಗ ನಿಜವಾದ ಅಪರಾಧಿ ಯಾರೆಂದು ಲೋಕಕ್ಕೆ ತಿಳಿದಿರಲಿಲ್ಲ. 2019ರಲ್ಲಿ ಡಿಎನ್ಎ ಪರೀಕ್ಷೆಯಿಂದ ಅವನು ಗೊತ್ತಾದ. ಬೇರೊಂದು ಕೊಲೆಗಾಗಿ ಆಗಲೇ ಜೈಲಿನಲ್ಲಿದ್ದವನು, ತಪ್ಪನ್ನೂ ಒಪ್ಪಿಕೊಂಡ. ಅಷ್ಟರಲ್ಲಿ ಕಾನೂನಿನ ಗಡುವು ಮುಗಿದಿತ್ತು. ಆ ಕೊಲೆಗಳಲ್ಲಿ ಒಂದನ್ನು ಹೊರಿಸಿ ಸುಮಾರು ಇಪ್ಪತ್ತು ವರ್ಷ ಜೈಲಿನಲ್ಲಿ ಕೂಡಿಹಾಕಿದ್ದ ಮನುಷ್ಯ ನಿರಪರಾಧಿಯೆಂದು 2020ರಲ್ಲಿ ನ್ಯಾಯಾಲಯ ಹೇಳಿತು.

ಇಷ್ಟೆಲ್ಲ ಹೇಳಿದ ಮೇಲೆ ಚಿತ್ರದ ರಹಸ್ಯ ಹಾಳಾಗಲಿಲ್ಲವೇ ಎಂದು ಕೇಳುವವರಿದ್ದಾರೆ. ಆಗುವುದಿಲ್ಲ. ಹಿಂದೆ ನೋಡಿದವರು ಅವನ್ಯಾರು ಎಂದು ಯೋಚಿಸುತ್ತ ಎದ್ದು ಬಂದರು. ಈಗ ನೋಡುವವರು ತೆರೆಯ ಮೇಲೆ ಏಟು ತಿನ್ನುವ ಒಬ್ಬೊಬ್ಬ ಅನುಮಾನಿತನನ್ನೂ ಕಂಡಾಗ, ಆ ಇಪ್ಪತ್ತು ವರ್ಷ ಕಳೆದುಕೊಂಡವನನ್ನು ನೆನೆಯುತ್ತಾರೆ. ಆದರೂ ಕ್ರಮ ಒಂದಿದೆ: ಸಿನಿಮಾ ಮೊದಲು, ಸುದ್ದಿಯ ವಿವರ ಆಮೇಲೆ. ಎರಡು ಗಂಟೆ ಹನ್ನೆರಡು ನಿಮಿಷ ಮೊಬೈಲು ಮಗುಚಿಟ್ಟು ಕೂರಬೇಕು. ಮುಗಿದ ಮೇಲೆ ಬೇಕಾದರೆ ಹುಡುಕಿ ನೋಡಬಹುದು, ಅವನ ಹೆಸರು ಜಗತ್ತಿನ ಪತ್ರಿಕೆಗಳಲ್ಲೆಲ್ಲ ಬಂದಿದೆ. ಇಲ್ಲಿ ಬರೆಯುವುದಿಲ್ಲ.